ಚಾಚಾ ಬಿಚ್ಚದೇ ಇಟ್ಟಿದ್ದ ಗಂಟು

ಇಲ್ಲ... ಗ್ರೂಪಿನಲ್ಲಿ ಯಾರೋ ತಪ್ಪು ಸುದ್ದಿ ಹಾಕಿದ್ದಾರೆ ಅಂದುಕೊಂಡೆ.
ಮೂವರಿಗೆ ಫೋನ್ ಮಾಡಿ ಕೇಳಿದೆ.
ಮೂವರೂ ಅದನ್ನೇ ಹೇಳಿದರು.

ನಮ್ಮ ದಸ್ತಗೀರ್ ಚಾಚಾ ಹೋಗಿಬಿಟ್ಟರು.
ಇವತ್ತು ಬೆಳಿಗ್ಗೆ, ಹಳಿಯಾಳದ ಮನೆಯಲ್ಲಿ. ನಮಾಜ್ ಮುಗಿಸಿ ಚಹಾ ಕೇಳಿದರಂತೆ... ಚಹಾ ತರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಹಾರ್ಟ್ ಅಟ್ಯಾಕ್.

ಎರಡು ದಿನದಿಂದ ನಾವು ಕೋಗಿಲಬನದ ಹತ್ತಿರ ಕಾಳಿ ಹೊಳೆಯಲ್ಲಿ ಒಬ್ಬರನ್ನು ಹುಡುಕುತ್ತಿದ್ದೆವು. ನಿನ್ನೆ ಸಂಜೆ ಸಿಕ್ಕರು... ಜೀವಂತವಾಗಿ ಅಲ್ಲ.
ಮನೆಗೆ ಬಂದು ಯೂನಿಫಾರ್ಮ್‌ನಲ್ಲೇ ಮಲಗಿದ್ದೆ. ಎದ್ದಿದ್ದು ಈ ಸುದ್ದಿಗೆ.
ಅಳಲಿಕ್ಕೂ ತ್ರಾಣ ಇರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಚಾಚಾ ನಮ್ಮ ಫೈರ್ ಸ್ಟೇಷನ್‌ನಲ್ಲಿ ಲೀಡಿಂಗ್ ಫೈರ್‌ಮನ್ ಆಗಿದ್ದವರು. ಎರಡು ವರ್ಷದ ಹಿಂದೆ ರಿಟೈರ್ ಆದರು. ನಾನು ಬಸವರಾಜ, ಅವರ ಕೈಕೆಳಗೆ ಕಲಿತ ಫೈರ್‌ಮನ್.

ಬೆಂಕಿಗಿಂತ ಅವರಿಗೆ ಹಗ್ಗದ ಮೇಲೆಯೇ ಹೆಚ್ಚು ಲಕ್ಷ್ಯ.
ಹೊಳೆಗೆ ನೀರಿನ ಮೇಲೆ ತೇಲುವ ಹಗ್ಗವೇ ಬೇಕು.
ಬಾವಿಗೆ, ಜೋಯಿಡಾ ಕಡೆಯ ದರಿಗಳಿಗೆ, ಎಳೆದರೂ ಹಿಗ್ಗದ ಹಗ್ಗ.
ಸೋಪಿನ ಪುಡಿ ಹಾಕಿ ತೊಳೆದರೆ ಬೈಗುಳ. ತಗಡಿನ ಮೇಲೆ ಬಿಸಿಲಿಗೆ ಒಣಹಾಕಿದರೆ ಇನ್ನೂ ದೊಡ್ಡ ಬೈಗುಳ. ಹಗ್ಗ ತುಳಿದವನಿಗೆ ಆ ದಿನ ಚಹಾ ಇಲ್ಲ.

"ನೆರಳಾಗ ಹಾಕ್ರಲೇ! ಇಡೀ ದಿನ ಬಿಸಿಲಾಗ ನೀವು ನಿಲ್ಲತೀರೇನು?"

ಗಣೇಶಗುಡಿಯ ರಾಫ್ಟಿಂಗ್‌ನವರು ಕೂಡ ಗಂಟು ಕಲಿಯಲು ಇವರ ಹತ್ತಿರವೇ ಬರುತ್ತಿದ್ದರು. ಎಲ್ಲರಿಗೂ ಒಂದೇ ಪಾಠ.
"ಹಿಡಿ ಅಂದಾಗ ಹಿಡೀಬೇಕು, ಬಿಡು ಅಂದಾಗ ಬಿಡಬೇಕು. ಬಿಚ್ಚಾಕ ಬರದ್ದು ಗಂಟಲ್ಲೋ, ಅದು ಹಟ."

ಚಾಚಾ...
ನಿಮಗೆ ಒಂದು ಮಾತು ಹೇಳುವುದಿತ್ತು. ಎಂಟು ವರ್ಷದಿಂದ ಇತ್ತು.

ಅವತ್ತು ರವಿವಾರ. ಅತ್ತಿವೇರಿ ಕಡೆ ನಮ್ಮ ಅಣ್ಣನ ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತುಹೋಗಿತ್ತು. ಸ್ಟೇಷನ್ನಿನ ಹೊಸ ರೆಸ್ಕ್ಯೂ ಹಗ್ಗವನ್ನು ಯಾರಿಗೂ ಹೇಳದೆ ಒಯ್ದೆ. ಇನ್ನೊಂದು ಟ್ರ್ಯಾಕ್ಟರ್‌ಗೆ ಕಟ್ಟಿ ಜಗ್ಗಿಸಿದೆ.
ಎಷ್ಟು ಜಗ್ಗಿದರೂ ಸುಲಭವಾಗಿ ಬಿಚ್ಚುವ ಬೋಲೈನ್ ಗಂಟು ಹಾಕಬೇಕಾದ ಕಡೆ ಗಡಿಬಿಡಿಯಲ್ಲಿ ಏನೋ ಒಂದು ಕುಣಿಕೆ ಹಾಕಿದ್ದೆ... ಅದು ಕಗ್ಗಂಟಾಯಿತು. ಟ್ರ್ಯಾಕ್ಟರ್ ಹುಕ್ಕಿನಿಂದ ಕುಣಿಕೆ ಕಳಚಿ ಬಂತು, ಗಂಟು ಮಾತ್ರ ಬಿಚ್ಚಲಿಲ್ಲ. ನಾಳೆ ನೋಡೋಣ ಅಂತ ಹಗ್ಗ ಸುತ್ತಿ, ಗಂಟನ್ನು ಒಳಗೆ ಮುಚ್ಚಿ, ಬ್ಯಾಗಿನಲ್ಲಿ ಇಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆಯೇ ಕಾಲ್ ಬಂತು. ಹಳಿಯಾಳದ ಹತ್ತಿರ ಒಬ್ಬ ಹೆಣ್ಣುಮಗಳು ಬಾವಿಗೆ ಬಿದ್ದಿದ್ದಳು.
ಇಳಿಯುವವರು ನೀವು.
ಬ್ಯಾಗಿನಿಂದ ಅದೇ ಹಗ್ಗ ತೆಗೆದಿರಿ... ನಾನು ಪಕ್ಕದಲ್ಲೇ ನಿಂತಿದ್ದೆ.
ಬಾಯಿ ಬಿಡಲಿಲ್ಲ ಚಾಚಾ. ಸಸ್ಪೆಂಡ್ ಮಾಡುತ್ತಾರೆ ಅನ್ನುವ ಹೆದರಿಕೆ.

ನೀವು ಎಂದಿನಂತೆ ಹಗ್ಗವನ್ನು ಬರಿಗೈಯಲ್ಲಿ ಹಿಡಿದು ಪೂರ್ತಿ ಸವರಿ ನೋಡಿದಿರಿ. ಮೊದಲು ಒಂದು ಮೆತ್ತಗಾದ ಜಾಗ ಸಿಕ್ಕಿತು, ಆಮೇಲೆ ಗಂಟು. ಅದನ್ನು ಬದಿಗಿಟ್ಟು, ಹಳೆಯ ಭಾರದ, ಒರಟು ನಾರಿನ ಮನಿಲಾ ಹಗ್ಗ ಕಟ್ಟಿಕೊಂಡು ಇಳಿದಿರಿ.
ಆಕೆ ಬದುಕಿದಳು. ನಿಮ್ಮ ಅಂಗೈ ಚರ್ಮ ಸುಲಿದಿತ್ತು.

ಮರುದಿನ ಪರೇಡ್‌ನಲ್ಲಿ ಒಂದೇ ಸಲ ಕೇಳಿದಿರಿ.
"ಇದನ್ನ ಯಾರು ಒಯ್ದಿದ್ರಪಾ?"
"ಹೊರಗ ಏನೂ ಆಗಿಲ್ಲಲ್ರೀ ಚಾಚಾ," ಅಂದೆ ನಾನು. ನಾನೇ! ಎಂಥ ಭಂಡ...
"ಹೊರಗ ಛಲೋನ ಐತಿ ಬಸ್ಯಾ. ಒಳಗಿನ ಎಳಿ ಹೋಗ್ಯಾವ."
ಮತ್ತೆ ಯಾರೂ ಬಳಸಬಾರದು ಅಂತ ಅಷ್ಟು ಹೊಸ ಹಗ್ಗವನ್ನು ತುಂಡು ತುಂಡು ಮಾಡಿದಿರಿ. ಕೊಯ್ಯುತ್ತಲೇ ಹೇಳಿದಿರಿ,
"ಇನ್ ಮ್ಯಾಲೆ ಶನಿವಾರ ಹಗ್ಗ ನೋಡೂದು ನಿಂದು."

ಅಂದಿನಿಂದ ಪ್ರತಿ ಶನಿವಾರ ನೆಲದ ಮೇಲೆ ಹಗ್ಗ ಹಾಸಿ ಸವರಿದೆ, ತೊಳೆದೆ, ನೆರಳಿಗೆ ಹಾಕಿದೆ. ಒಳಗೊಳಗೆ ಬೈದುಕೊಂಡೇ ಮಾಡಿದೆ. ನಾನೇನು ಧೋಬಿಯೇ ಅಂತ.
ನನಗೇ ಯಾಕೆ ಅಂತ ಮಾತ್ರ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಇವತ್ತು ಮಧ್ಯಾಹ್ನ ನಿಮ್ಮ ಮಗಳು ಶಬಾನಾ, ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಿಂದ ಒಂದು ಹಗ್ಗದ ತುಂಡು ತಂದು ನನ್ನ ಕೈಗೆ ಕೊಟ್ಟಳು.
ಅದೇ ಗಂಟು... ಹಾಗೇ ಇದೆ.

"ಬಸು ಅಣ್ಣಾ, ಇದು ನಿಮ್ದಂತ. ಎಡಗೈಯವರ ಗಂಟು, ಉಲ್ಟಾ ಸುತ್ತೈತಿ ಅಂತಿದ್ರು ಅಬ್ಬಾ. ನಾವು ಬಿಚ್ಚಾಕ ಹೋದ್ರ ಬೈತಿದ್ರು. ಅಂವಾ ಬರ್ತಾನ, ತಾನ ಹೇಳ್ತಾನ, ತಾನ ಬಿಚ್ಚತಾನ ಅಂತಿದ್ರು."

ಇಡೀ ಸ್ಟೇಷನ್ನಿಗೆ ಎಡಚ ಅಂದರೆ ನಾನೊಬ್ಬನೇ.

ಅಂದರೆ ಆ ಬಾವಿಯ ದಂಡೆಯಲ್ಲೇ ನಿಮಗೆ ಗೊತ್ತಾಗಿತ್ತು.
ಪ್ರತಿ ಈದ್‌ಗೆ ನಿಮ್ಮ ಮನೆಗೆ ಬಂದೆ. ಶೀರ್ ಖುರ್ಮಾ ಕೊಟ್ಟು ನನ್ನೆದುರು ಸುಮ್ಮನೆ ಕೂರುತ್ತಿದ್ದಿರಿ. ನಾನು ಹೇಳಲಿ ಅಂತ ಕಾಯುತ್ತಿದ್ದಿರಿ.
ನಾನು ಇನ್ನೊಂದು ಬಟ್ಟಲು ಕೇಳಿದೆ.

ಸಂಜೆ ಖಬರಸ್ತಾನದಲ್ಲಿ ಹಿಂದೆ ನಿಂತಿದ್ದೆ. ಕಫನ್ ಬಟ್ಟೆಗೆ ತಲೆಯ ಹತ್ತಿರ, ನಡುವಿಗೆ, ಕಾಲಿನ ಹತ್ತಿರ ಮೂರು ಗಂಟು ಕಟ್ಟಿದ್ದರು. ಕೆಳಗೆ ಇಳಿಸಿದ ಮೇಲೆ ಅವನ್ನು ಬಿಚ್ಚುವುದು ಪದ್ಧತಿಯಂತೆ.
ನಿಮ್ಮ ತಮ್ಮ ಒಂದೊಂದನ್ನೂ ಒಂದೇ ಸಲ ಎಳೆದರು... ಬಿಚ್ಚಿಕೊಂಡವು.
ನನ್ನದು ಜೇಬಿನಲ್ಲಿತ್ತು.

ಸ್ಟೇಷನ್ನಿನ ಗೆಳೆಯರು ಇದನ್ನು ಓದುತ್ತಿದ್ದೀರಿ. ಸಾಹೇಬರೂ ಓದುತ್ತಾರೆ. ಓದಲಿ.
ಆ ಹಗ್ಗ ಒಯ್ದವನು ನಾನು.
ಚಾಚಾ ಅದನ್ನು ಕಟ್ಟಿಕೊಂಡು ಇಳಿಯುತ್ತಾರೆ ಅಂತ ಗೊತ್ತಿದ್ದೂ ಸುಮ್ಮನೆ ನಿಂತವನೂ ನಾನು.
ಇದನ್ನು ನಿಮಗೆಲ್ಲ ಹೇಳಿದೆ... ಹೇಳಬೇಕಾಗಿದ್ದವರಿಗೆ ಹೇಳಲಿಲ್ಲ.

ಈಗ ಮನೆಯ ಕಟ್ಟೆಯ ಮೇಲೆ ಕೂತು ಬಿಚ್ಚುತ್ತಿದ್ದೇನೆ ಚಾಚಾ. ಒಂದು ಉಗುರು ಕಿತ್ತಿದೆ. ಇನ್ನೂ ಸಡಿಲಾಗಿಲ್ಲ.
ನಾಳೆ ಶನಿವಾರ. ಹಗ್ಗ ನೋಡುವುದು ನನ್ನದು. ನೋಡುತ್ತೇನೆ.

ಮೇಲಿನವನು ನಿಮ್ಮನ್ನು ತಣ್ಣನೆಯ ನೆರಳಿನಲ್ಲಿ ಇಟ್ಟುಕೊಳ್ಳಲಿ...
ಹೋಗಿ ಬರ್ರಿ ಚಾಚಾ.