ಗೇಣುದ್ದದ ಡೇಲಿಲಿ

ನಮ್ಮ ಮನೆಯ ಮೆಟ್ಟಿಲ ಪಕ್ಕದ ಡೇಲಿಲಿ ಹೂವನ್ನು ಸರಿಯಾಗಿ ನೋಡಬೇಕಾದರೆ ಸೊಂಟ ಬಗ್ಗಿಸಲೇಬೇಕು. ಒಂದು ಗೇಣಿಗಿಂತ ಎತ್ತರ ಬೆಳೆಯಲು ಅದಕ್ಕೆ ಮನಸ್ಸಿಲ್ಲ. ಅರವತ್ತು ದಾಟಿದ, ದೇವರೆದುರೂ ಅರ್ಧಕ್ಕೇ ಬಾಗುವ ನನ್ನ ಬೆನ್ನಿನಿಂದ ದಿನವೂ ಪೂರ್ಣಪ್ರಮಾಣದ ನಮಸ್ಕಾರ ಪಡೆಯುವ ಗಿಡ ಬಾಳೂರಿನ ಆಸುಪಾಸಿನಲ್ಲಿ ಇದೊಂದೇ.

ಎತ್ತರದ ಡೇಲಿಲಿಗಳನ್ನೂ ಬಲ್ಲೆ. ಠೀವಿಯಿಂದ ನಿಂತು, ಮೊದಲ ಜೋರು ಮಳೆಗೇ ದಂಟು ಚೆಲ್ಲಿ ಮಲಗಿಬಿಡುತ್ತವೆ. ಈ ಕುಳ್ಳ ತಳಿಗಳಿಗೆ ಅಂಥ ಆಡಂಬರವಿಲ್ಲ. ಬೆಣ್ಣೆಹಳದಿಯದು, ಇಟ್ಟಿಗೆಗೆಂಪಿನದು, ಕಂಠಕ್ಕೆ ನೇರಳೆಯ ಬಣ್ಣ ಬಳಿದುಕೊಂಡದ್ದು, ಯಾವುದಾದರೂ ಸರಿ, ಕುಂಡಕ್ಕೂ ಸೈ, ದಾರಿಯಂಚಿಗೂ ಸೈ. ಒಂದು ಹೂವಿನ ಆಯುಷ್ಯ ಒಂದೇ ಹಗಲು. ನಾಳೆಯ ಪಾಳಿಗೆ ಪಕ್ಕದ ಮೊಗ್ಗು ಆಗಲೇ ಸಿದ್ಧವಾಗಿರುತ್ತದೆ.

ಹೀಗೆ ಹೊಗಳುವ ಅಧಿಕಾರ ನನಗೆ ಬಂದದ್ದು ಈಚೆಗೆ. ಹೆಂಡತಿ ಸುಮಿತ್ರ ಕಳಸದಲ್ಲಿರುವ ತನ್ನ ಅಕ್ಕನ ಮನೆಯಿಂದ ಹಳದಿಯದರ ಒಂದು ಬುಡ ತಂದು ನೆಟ್ಟಳು. ಎಲೆ ಹುಲುಸಾಗಿ ಬಂತು, ಹೂ ಬರಲಿಲ್ಲ. ಅಕ್ಕನ ಮನೆಯಲ್ಲಿ ಅದೇ ಗಿಡ ತಿಂಗಳುಗಟ್ಟಲೆ ಹೂ ಬಿಡುತ್ತಿತ್ತು. ಇವಳು ಗೊಬ್ಬರ ಬದಲಿಸಿದಳು, ಮೆಟ್ಟಿಲ ಆ ಬದಿಯಿಂದ ಈ ಬದಿಗೆ ಜಾಗ ಬದಲಿಸಿದಳು. ನಾನೋ, ಬೆಳಿಗ್ಗೆ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಗಿಡದ ಪಕ್ಕ ಮೆಟ್ಟಿಲ ಮೇಲೆ ಕೂತು, ಅಡುಗೆಮನೆಯಲ್ಲಿದ್ದ ಅವಳಿಗೆ ಕೇಳುವಂತೆ ಕುಳ್ಳ ತಳಿಗಳ ವಂಶಪಾರಂಪರ್ಯ ದೌರ್ಬಲ್ಯದ ಕುರಿತು ಉಪನ್ಯಾಸ ಕೊಡುತ್ತಿದ್ದೆ. ಮೂರನೆಯ ವರ್ಷವೂ ಹಾಗೇ ಕಳೆದಾಗ ಅವಳು ಕೈಚೆಲ್ಲಿದಳು.

"ನನ್ನ ಕೈಗುಣನೇ ಹೋಯ್ತು ಮಾರಾಯ್ರೆ. ಇನ್ನು ನಾನು ಗಿಡ ಮುಟ್ಟದಿಲ್ಲ."

ಊರಿಗೆಲ್ಲ ಆಂಥೂರಿಯಂ ಸಸಿ ಹಂಚಿದ ಕೈ ಅದು. ನನಗೆ ನಿಜವಾಗಿ ಸಂಕಟವಾಯಿತು.

ಗಿಡ ಕಿತ್ತು ಒಯ್ಯಲು ಗಿರಿಜಮ್ಮನನ್ನು ಕರೆದದ್ದಾಯಿತು. ನಮ್ಮ ತೋಟದಲ್ಲಿ ಕಂಬಚಿಗುರು ತೆಗೆಯುವುದರಲ್ಲಿ ಆಕೆಯದು ಎತ್ತಿದ ಕೈ. ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಎದ್ದು, ಫಸಲು ಕೊಡದೆ ಸಾರವನ್ನಷ್ಟೇ ಹೀರುವ ಈ ಚಿಗುರನ್ನು ಕಂಡಲ್ಲಿ ಚಿವುಟಿ ಎಸೆಯುವುದು ತೋಟಗಾರನ ಮೊದಲ ಪಾಠ. ಗಿರಿಜಮ್ಮ ಬುಡದ ಎಲೆ ಸರಿಸಿ ನೋಡಿ, ನನ್ನತ್ತ ತಿರುಗಿದಳು.

"ಅಯ್ಯಾ, ನೀವು ದಿನಾ ಇಲ್ಲಿ ಕೂತ್ಕಂಡು ಚಿವುಟ್ತೀರಲ್ಲ, ಅದು ಕಂಬಚಿಗುರಲ್ಲ. ಹೂವಿನ ದಂಟು. ನಿಮಗೆ ಎಲೆ ಮಾತ್ರ ಬೇಕೇನೋ ಅಂತ ನಾನು ಸುಮ್ಮನಿದ್ದೆ."

ನಲವತ್ತು ವರ್ಷದ ಅಭ್ಯಾಸ. ಬಾಯಿ ಉಪನ್ಯಾಸದಲ್ಲಿ ಮಗ್ನವಾಗಿದ್ದಾಗ ಬಿಡುವಾಗಿದ್ದ ಕೈ ತನ್ನ ಪಾಡಿಗೆ ತೋಟದ ಕೆಲಸ ಮಾಡುತ್ತಿತ್ತು. ನೆಟ್ಟಗೆ ಎದ್ದದ್ದೆಲ್ಲ ಅದಕ್ಕೆ ಕಂಬಚಿಗುರು. ಸುಮಿತ್ರ ತನ್ನೆರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು. ಕಣ್ಣೊರೆಸಿಕೊಂಡಳು. ಆಮೇಲೆ ನಗಲು ಶುರುಮಾಡಿದವಳು ಮಧ್ಯಾಹ್ನದ ಊಟದವರೆಗೂ ನಿಲ್ಲಿಸಲಿಲ್ಲ. ಗಿಡ ಅಲ್ಲೇ ಉಳಿಯಿತು, ಎರಡೇ ತಿಂಗಳಲ್ಲಿ ಹೂವನ್ನೂ ಬಿಟ್ಟಿತು.

ಇವತ್ತು ಬೆಳಿಗ್ಗೆಯೂ ಹೂ ನೋಡಲು ಬಾಗಿದೆ. ಪಕ್ಕದಲ್ಲಿ ಹೊಸ ದಂಟೊಂದು ನೆಟ್ಟಗೆ ತಲೆಯೆತ್ತಿತ್ತು.

"ಕೈ ಎಲ್ಲಿ?" ಎಂದಳು ಸುಮಿತ್ರ, ಒಳಗಿನಿಂದಲೇ.

ಬೆನ್ನ ಹಿಂದೆ ಇತ್ತು. ಒಂದನ್ನು ಇನ್ನೊಂದು ಬಿಗಿಯಾಗಿ ಹಿಡಿದುಕೊಂಡಿತ್ತು.