ಪೂಜೆಗೆ ಇಟ್ಟ ಕತೆ

ಮಳೆ ಹಿಂದೆಗೆದು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ನಮ್ಮ ತಾರಸಿಯ ಮೇಲೆ ಪುಸ್ತಕಗಳನ್ನು ಒಣಹಾಕುತ್ತೇನೆ. ಮೊನ್ನೆ ಹಾಗೆ ಹರಡುತ್ತಿದ್ದಾಗ ಬೂಷ್ಟಿನ ವಾಸನೆ ಮೂಗಿಗೆ ಹೊಡೆಯಿತು. ಅದೇ ಹೊತ್ತಿಗೆ ಫೋನೂ ಬಂತು. ಪತ್ರಿಕೆಯವರೊಬ್ಬರು. 'ಮೇಡಂ, ಶರತ್ಕಾಲದಲ್ಲಿ ಮಲೆನಾಡಿನ ಲೇಖಕಿಯ ದಿನಚರಿ ಹೇಗಿರುತ್ತೆ ಅಂತ ಒಂದು ಬರಹ ಕೊಡಿ. ಮಂಜು, ಕಾಫಿ, ಕಿಟಕಿ, ಹೀಗೆ.' ಕಿಟಕಿಯೇನೋ ಇದೆ. ಅದರಾಚೆ ಪಕ್ಕದ ಮನೆಯವರ ನೀರಿನ ಟ್ಯಾಂಕು ಇದೆ. ಕಾಫಿ ಮಾಡಿ ಎಲ್ಲರಿಗೂ ಕೊಟ್ಟು ನನ್ನ ಲೋಟ ಹಿಡಿಯುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ. ಮಂಜಿಗೆ ಮೈಮರೆತು ನಾನು ಒಂದು ಸಾಲೂ ಬರೆದವಳಲ್ಲ; ಬಟ್ಟೆ ಒಣಗಲಿಲ್ಲವೆಂದು ಬೈದದ್ದುಂಟು.

ಲೇಖಕರ ಮನೆಯೆಂದರೆ ಏನೋ ಒಂದು ಗಂಭೀರವಾದ ಮೌನ ಇರುತ್ತದೆಂದು ನೀವೂ ನಂಬಿದ್ದರೆ ದಯವಿಟ್ಟು ಒಮ್ಮೆ ಕೊಪ್ಪಕ್ಕೆ ಬನ್ನಿ. ಬಿಸಿಲು ಕಂಡ ಕೂಡಲೇ ಇಲ್ಲಿ ಲೇಖಕಿ ಮಾಡುವ ಮೊದಲ ಕೆಲಸ, ಮೆತ್ತಗಾದ ಹಪ್ಪಳಕ್ಕೆ ಮತ್ತೊಮ್ಮೆ ಬಿಸಿಲು ತೋರಿಸುವುದು. ಆಮೇಲೆ ಕಂಬಳಿ, ಹಾಸಿಗೆ, ಗಂಡನ ಹಸಿರುಗಟ್ಟಿದ ಬೆಲ್ಟು. ಸಾಹಿತ್ಯ ಕೊನೆಗೆ, ತಾರಸಿಯಲ್ಲಿ ಜಾಗ ಉಳಿದರೆ.

ನಾನು ಹೇಳಹೊರಟದ್ದು ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾದಾಗಿನ ಮಾತು. ಆಗ ಮಾವ ಇದ್ದರು. ನಿವೃತ್ತ ಹೆಡ್‌ಮಾಸ್ಟರು. ನಿವೃತ್ತಿಯ ನಂತರ ಅಧ್ಯಕ್ಷತೆ ವಹಿಸುವುದೇ ಅವರ ನೌಕರಿಯಾಗಿತ್ತು. ಅಡ್ಡಗದ್ದೆಯಿಂದ ನರಸಿಂಹರಾಜಪುರದವರೆಗೆ ಮೈಕು ಕಟ್ಟಿದಲ್ಲೆಲ್ಲ ಅವರಿಗೊಂದು ಕುರ್ಚಿ ಕಾದಿರುತ್ತಿತ್ತು. 'ಸಾಹಿತ್ಯವೆಂದರೆ ಶಾರದೆಯ ಪ್ರಸಾದ' ಎಂದು ಶುರುಮಾಡಿದರೆ ಊಟದ ಎಲೆ ಹಾಕುವವರೆಗೆ ಪ್ರಸಾದ ಹಂಚುತ್ತಿದ್ದರು. ಸನ್ಮಾನದ ಶಾಲುಗಳು ಮನೆಯಲ್ಲಿ ಎಷ್ಟಿದ್ದವೆಂದರೆ ಟೀವಿ, ಮಿಕ್ಸಿ, ಹೊಲಿಗೆಯಂತ್ರ ಎಲ್ಲವೂ ಸನ್ಮಾನಿತವಾಗಿದ್ದವು. ಇಂಥವರು ಮನೆಯಲ್ಲಿ ನಾನು ಪೆನ್ನು ಹಿಡಿದದ್ದು ಕಂಡರೆ, 'ಬರೀತಾ ಕೂತ್ಯಾ? ಅಲ್ಲಿ ಹಾಲು ಉಕ್ಕಿತು ನೋಡು' ಎನ್ನುತ್ತಿದ್ದರು. ಉಕ್ಕಿದ್ದನ್ನು ನೋಡುವ ಕಣ್ಣು ಅವರಿಗಿತ್ತು, ಒಲೆ ಆರಿಸುವ ಕೈ ಇರಲಿಲ್ಲ.

ನಮ್ಮ ಕಡೆ ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಮನೆಯ ಪುಸ್ತಕಗಳನ್ನು ಮಣೆಯ ಮೇಲೆ ಪೇರಿಸಿ, ಕೆಂಪು ಬಟ್ಟೆ ಹೊದಿಸಿ, ಶಾರದೆಯೆಂದು ಪೂಜೆ ಮಾಡುತ್ತಾರೆ. ದಶಮಿಯಂದು ಎತ್ತುವವರೆಗೆ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ದೇವರಿಲ್ಲ. ಆದರೆ ಸಂಪಾದಕರು ನೋಡುವ ಪಂಚಾಂಗವೇ ಬೇರೆ. ಅಲ್ಲಿಯವರೆಗೆ ನಾನಾಗಿಯೇ ಕಳಿಸಿದ ಕತೆಗಳು ನಿಷ್ಠೆಯಿಂದ ವಾಪಸು ಬರುತ್ತಿದ್ದವು. ಆ ವರ್ಷ ಮೊದಲ ಸಲ ಒಂದು ದೀಪಾವಳಿ ವಿಶೇಷಾಂಕದವರು ಅವರಾಗಿಯೇ ಕತೆ ಕೇಳಿದ್ದರು. ದಸರೆ ರಜೆ ಮುಗಿದ ಕೂಡಲೇ ಕೈಸೇರದಿದ್ದರೆ ಆ ಜಾಗ ಇನ್ನೊಬ್ಬರಿಗೆ. ನವಮಿ, ದಶಮಿಗೆ ಅಂಚೆ ಕಚೇರಿಗೆ ರಜೆ. ಅಷ್ಟಮಿಯ ಟಪಾಲು ತಪ್ಪಿದರೆ ಕತೆ ತಪ್ಪಿದಂತೆ. ನನ್ನ ಕತೆಯ ಗಿರಿಜೆ ಗಂಡನ ಮನೆಯಿಂದ ಎದ್ದು ಬಂದು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಳು. ಹಬ್ಬದ ಕೆಲಸದಲ್ಲಿ ಕೊನೆಯ ಪುಟ ಹಾಗೇ ಉಳಿದಿತ್ತು.

ಮೂಲಾ ನಕ್ಷತ್ರದ ದಿನ ನಾನು ಮಿಂದು ಬರುವಷ್ಟರಲ್ಲಿ ಮೇಜು ಬೋಳಾಗಿತ್ತು. ದೇವರ ಕೋಣೆಯಲ್ಲಿ ಎಲ್ಲಕ್ಕಿಂತ ಮೇಲೆ ಮಾವನ ಭಾಷಣಗಳ ಫೈಲು, ಎಲ್ಲಕ್ಕಿಂತ ಅಡಿಯಲ್ಲಿ ನನ್ನ ಹಾಳೆಗಳು. ಮನೆಯ ಪೆನ್ನುಗಳೆಲ್ಲ ಒಂದು ಲೋಟದಲ್ಲಿ ಗಂಧ ಹಚ್ಚಿಕೊಂಡು ನಿಂತಿದ್ದವು.

'ಮಾವ, ಅದು ಇನ್ನೂ ಪೂರ್ತಿ ಆಗ್ಲಿಲ್ಲ. ನಾಳೆ ಟಪಾಲಿಗೆ ಹಾಕ್ಬೇಕು.'

'ಶಾರದೆ ಎದುರು ಇಟ್ಟದ್ದನ್ನ ನಡುವೆ ಎತ್ತೂದು ಅಂದ್ರೆ ಎಂತ ಮಾರಾಯ್ತಿ? ಕತೆ ಎಲ್ಲಿಗೂ ಓಡಿಹೋಗೂದಿಲ್ಲ.'

ಗಂಡನ ಮುಖ ನೋಡಿದೆ. ಅವರು ಸ್ಕೂಟರು ತೊಳೆಯಲು ಹೋದರು, ಆಯುಧಪೂಜೆಗೆ ಇನ್ನೂ ಹೊತ್ತಿದ್ದರೂ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ವರ್ಷವಿಡೀ ಆ ಹಾಳೆಗಳ ಮೇಲೆ ಲೋಟ ಇಟ್ಟವರು ಈಗ ಹೂವು ಇಟ್ಟಿದ್ದರು. ಲೋಟ ಇಟ್ಟರೂ ಹೂವು ಇಟ್ಟರೂ ಓದದೆ ಇರುವುದಕ್ಕೆ ಅಡ್ಡಿಯಿಲ್ಲ ನೋಡಿ. ಅಷ್ಟಮಿಯ ಬೆಳಿಗ್ಗೆ ಮಾವ ಜಗಲಿಯಲ್ಲಿ ಕೂತು ಪೇಪರು ಬಿಡಿಸಿದರು. 'ಓದಬಾರದಲ್ಲ ಮಾವ?' ಎಂದೆ. 'ಪೇಪರು ನೋಡೂದು ಓದಿದ ಲೆಕ್ಕಕ್ಕೆ ಬರೂದಿಲ್ಲ' ಎಂದು ಪುಟ ತಿರುಗಿಸಿದರು. ನೋಡಿ ಮುಗಿಸಿ, ಶೃಂಗೇರಿಯ ಕಾರ್ಯಕ್ರಮವೊಂದಕ್ಕೆ ಬಸ್ಸು ಹತ್ತಿದರು.

ಬಸ್ಸು ಹೊರಟಿರಬಹುದು ಎನ್ನುವ ಹೊತ್ತಿಗೆ ಅತ್ತೆ ಅಡುಗೆಮನೆಯಿಂದ ಎದ್ದರು. ಅತ್ತೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ನನ್ನ ಸಾಹಿತ್ಯಕ್ಕೂ ಅವರಿಗೂ ನಾನು ಕಂಡ ಸಂಬಂಧ ಒಂದೇ, ಹಪ್ಪಳದ ಡಬ್ಬದ ತಳಕ್ಕೆ ನನ್ನ ಹಳೆಯ ಹಾಳೆ ಹಾಸುವುದು. ನೆಟ್ಟಗೆ ದೇವರ ಕೋಣೆಗೆ ಹೋಗಿ, ಹೂವು ಸರಿಸಿ, ಅಡಿಯಿಂದ ಹಾಳೆಗಳನ್ನು ಎಳೆದರು. ಆ ಜಾಗಕ್ಕೆ ಹೋದ ವರ್ಷದ ಪಂಚಾಂಗ ತುರುಕಿದರು. ಒಂದು ಪೆನ್ನಿನ ಗಂಧವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

'ಬರೆದು ಮುಗಿಸು. ಆ ಗಿರಿಜೆಯನ್ನ ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ ವಾರ ಆಯ್ತು. ಒಂದು ಲೋಟ ಕಾಫಿ ಆದ್ರೂ ಕೊಟ್ಯಾ ಅವಳಿಗೆ?'

'ಅತ್ತೆ, ನೀವು ಓದ್ತೀರಾ?'

'ಗುಡಿಸುವಾಗ ಕಣ್ಣಿಗೆ ಬಿದ್ರೆ ಎಂತ ಮಾಡೂದು? ಡಬ್ಬಕ್ಕೆ ಹಾಕಿದ್ದೂ ಓದಿಯೇ ಹಾಕಿದ್ದು.'

'ಪೂಜೆಯಿಂದ ಎತ್ತಿದ್ರೆ ದೋಷ ಅಲ್ವಾ?'

'ಶಾರದೆಯೂ ಹೆಂಗಸೇ ಅಲ್ದಾ? ಮುಂದೆ ಎಂತಾಯ್ತು ಅಂತ ಅವಳಿಗೂ ಗೊತ್ತಾಗ್ಬೇಕು.'

ಅಡುಗೆಮನೆಯಲ್ಲೇ ಕೂತು ಬರೆದೆ. ವಿಶೇಷಾಂಕ ಎಂದರೆ ಹಬ್ಬದ ಮನೆಗಳಿಗೆ ಹೋಗುವಂಥದ್ದು, ಯಾರ ಹುಬ್ಬೂ ಮೇಲೇರಬಾರದು. ಹಾಗಾಗಿ ಗಿರಿಜೆಗೆ ಸೊಪ್ಪಿಗೆ ಕಾಯುತ್ತ ನಿಂತಿರಬಹುದಾದ ದನದ ನೆನಪು ತರಿಸಿ, ಕಣ್ಣೊರೆಸಿ, ಗಂಡನ ಮನೆಯ ಕಡೆಗೆ ಹೊರಡಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ತುಟಿಯಾಡಿಸುತ್ತ ಓದಿದರು. ಮುಗಿಸಿ ಹಾಳೆಯನ್ನು ನನ್ನ ಕಡೆ ನೂಕಿದರು.

'ವಾಪಸ್ ಕಳಿಸೂದಾದ್ರೆ ಅವಳನ್ನ ಅಲ್ಲಿವರೆಗೆ ಎಂತಕ್ಕೆ ಕರ್ಕೊಂಡು ಬಂದೆ?'

'ಜನ ಒಪ್ಪಬೇಕಲ್ಲ ಅತ್ತೆ.'

'ಯಾವ ಜನ? ಇಷ್ಟು ವರ್ಷ ಓದಿದವಳು ನಾನೊಬ್ಬಳು. ನಾನು ಒಪ್ಪೂದಿಲ್ಲ. ಬಸರೀಕಟ್ಟೆ ಬಸ್ಸು ಬಂತು ಅಂತ ಬರಿ.'

ಹೊಡೆದುಹಾಕಿ ಬಸ್ಸು ತರಿಸಿದೆ. ಗಿರಿಜೆ ಹತ್ತಿದಳು, ಹಿಂದಿರುಗಿ ನೋಡಲಿಲ್ಲ. ಗೋಂದು ಸಿಗದೆ ಅನ್ನದ ಅಗುಳು ಒತ್ತಿ ಲಕೋಟೆ ಅಂಟಿಸಿದವರೂ ಅತ್ತೆಯೇ. ಒಗ್ಗರಣೆಯ ಕೈಯಲ್ಲೇ ಓಡಿಹೋಗಿ ಟಪಾಲಿಗೆ ಹಾಕಿ ಬಂದೆ. ಸಂಜೆ ಮಾವ ಹಳೆಯ ಪಂಚಾಂಗಕ್ಕೆ ಅಷ್ಟೇ ಭಕ್ತಿಯಿಂದ ಮಂಗಳಾರತಿ ಎತ್ತಿದರು. ಅತ್ತೆಯೂ ನಾನೂ ಕಣ್ಣಿಗೊತ್ತಿಕೊಂಡೆವು.

ಕತೆ ಅಚ್ಚಾಯಿತು. 'ಶಾರದೆಯ ಪಾದದಲ್ಲಿಟ್ಟು ಕಳಿಸಿದ ನಮ್ಮ ಸೊಸೆಯ ಕತೆ' ಎಂದು ಮಾವ ಹರಿಹರಪುರದ ಸಭೆಯಲ್ಲಿ ವಿಶೇಷಾಂಕವನ್ನು ಎತ್ತಿ ತೋರಿಸಿದರಂತೆ. ಮುಂದಿನ ನವರಾತ್ರಿಗೆ ಅದೂ ಮಣೆ ಏರಿತು. 'ಓದಿದ್ರಾ ಮಾವ?' ಎಂದು ಕೇಳಿದೆ. 'ಪೂಜೆಗೆ ಇಟ್ಟದ್ದನ್ನ ಓದೂದಾ?' ಎಂದರು. ದಶಮಿ ಕಳೆದ ಮೇಲೆ ಕಪಾಟು ಸೇರಿತು, ಗಾಜಿನ ಹಿಂದೆ. ಗಿರಿಜೆ ಬಸ್ಸು ಹತ್ತಿ ಹೋದದ್ದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಈಗ ಮಾವ, ಅತ್ತೆ ಇಬ್ಬರೂ ಇಲ್ಲ. ಶಾಲುಗಳು ನನ್ನ ಹೆಗಲಿಗೆ ಬರುತ್ತವೆ. ಹೊದಿಸುವವರು ನನ್ನ ಪುಸ್ತಕಗಳ ಹೆಸರನ್ನು ಚೀಟಿ ನೋಡಿಕೊಂಡು ಓದುತ್ತಾರೆ, ಒಳಗಿರುವ ಒಬ್ಬ ಹೆಂಗಸಿನ ಹೆಸರನ್ನೂ ಇದುವರೆಗೆ ಯಾರೂ ಹೇಳಿದ್ದಿಲ್ಲ. ನಾನೂ ಬಗ್ಗಿ, ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ಫೋಟೋಕ್ಕೆ ನಗುತ್ತೇನೆ. ನಿನ್ನೆ ಮೂಲಾ ನಕ್ಷತ್ರ. ಗಂಡ ನನ್ನ ಮೇಜು ಖಾಲಿ ಮಾಡಿ, ಅರ್ಧವಾದ ಕತೆಯನ್ನೂ ಸೇರಿಸಿ ಕೆಂಪು ಬಟ್ಟೆ ಹೊದಿಸಿದರು. ರಾತ್ರಿಯವರೆಗೂ ಅಡುಗೆಮನೆಯ ಕಡೆಗೇ ನನ್ನ ಕಿವಿ ಇತ್ತು. ಮುಂದೆ ಎಂತಾಯ್ತು ಎಂದು ಕೇಳುವವರಿಲ್ಲ. ಅತ್ತೆ ತೀರಿಕೊಂಡ ದಿನವೂ ನನಗೆ ಅಷ್ಟು ನೋವಾಗಿರಲಿಲ್ಲ.

ಇವತ್ತು ಬೆಳಿಗ್ಗೆ ನಾನೇ ಹೋಗಿ ಹೂವು ಸರಿಸಿ ಹಾಳೆಗಳನ್ನು ಎತ್ತಿಕೊಂಡು ಬಂದೆ. ಗಂಡ ಬಾಗಿಲಲ್ಲಿ ನಿಂತಿದ್ದರು.

'ಎಂತ ಮಾರಾಯ್ತಿ, ದಶಮಿವರೆಗೆ ತಡೆಯೂಕೆ ಆಗೂದಿಲ್ವಾ? ಅಷ್ಟು ಅವಸರ ಎಂತದು?'

'ನನಗೆ ಅವಸರ ಇಲ್ಲ. ಅದರೊಳಗೆ ಒಬ್ಬಳು ಕಾಯ್ತಾ ಇದ್ದಾಳೆ.'

ಅವರು ಒಳಗೆ ಬಂದು, 'ಯಾರು?' ಎಂದರು. ಮದುವೆಯಾದ ಮೇಲೆ ನನ್ನ ಬರಹದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ. ಕುರ್ಚಿ ಎಳೆದು ಅವರನ್ನು ಕೂರಿಸಿದೆ. ಮೊದಲ ಪುಟದಿಂದ ಓದತೊಡಗಿದೆ.