ಸಫಿಯಮ್ಮನ ಗಬ್ಬದ ಕುರಿ

ಸಿದ್ಧಕಟ್ಟೆಯ ಸಫಿಯಮ್ಮನ ಕುರಿ ಗಬ್ಬವಾಯಿತೆಂದರೆ ಮನೆಯವರ ಊಟ ತಡವಾಯಿತೆಂದೇ ಲೆಕ್ಕ. ಮೊದಮೊದಲು ಅದು ಕೊಬ್ಬದಂತೆ ಕೈ ಬಿಗಿಹಿಡಿದು ಹಿಂಡಿ ಹಾಕುವ ಸಫಿಯಮ್ಮ, ದಿನ ತುಂಬುತ್ತ ಬಂದಂತೆ ತುಸುತುಸುವೇ ಹೆಚ್ಚಿಸಿ, ಹಲಸಿನ ಸೊಪ್ಪನ್ನು ಒಂದೊಂದೇ ಎಲೆಯಾಗಿ ಬಾಯಿಗಿಡುತ್ತಾರೆ. “ನಾನು ಬಸುರಿಯಾಗಿದ್ದಾಗ ಇಷ್ಟು ಉಪಚಾರ ಇರ್ಲಿಲ್ಲ ಉಮ್ಮಾ,” ಎಂದು ಸೊಸೆ ಜಸ್ನಾ ನಗುತ್ತಾಳೆ. “ನಿನಗೆ ಹಸಿವಾದ್ರೆ ಕೇಳ್ಲಿಕ್ಕೆ ಬಾಯಿ ಉಂಟು. ಇದು ಅವಳಿ ಹೊತ್ತುಕೊಂಡು ಉಪವಾಸ ಬಿದ್ರೆ ಮೈಯ ಕೊಬ್ಬೆಲ್ಲ ಕರಗಿ ಲಿವರಿಗೆ ಇಳೀತದೆ, ಮತ್ತೆ ಏಳುವುದೇ ಇಲ್ಲ ಮಾರಾಯ್ತಿ!” ಈ ಸಲ ಕಪ್ಪು ಕುರಿ ನಿಜಕ್ಕೂ ಮೇವು ಬಿಟ್ಟು ಮಲಗಿತು. ಡಾಕ್ಟರು ಬಂದು ಔಷಧ ಕುಡಿಸಿ, “ಇನ್ನು ಅದು ತಿಂದರೆ ಉಳೀತದೆ,” ಎಂದರು. ಸಫಿಯಮ್ಮ ಅದರ ತಲೆಯನ್ನು ಮಡಿಲಲ್ಲಿಟ್ಟುಕೊಂಡರು. “ನಾನು ಅವಳಿ ಹೊತ್ತಾಗ ಗಂಜಿಯ ವಾಸನೆಯೂ ಆಗ್ತಿರ್ಲಿಲ್ಲ,” ಎಂದರು ಸೊಸೆಗೆ. “ಅತ್ತೆ ಒಮ್ಮೆಯೂ ತಿನ್ನು ಅನ್ಲಿಲ್ಲ. ಬಟ್ಟಲು ಹಿಡ್ಕೊಂಡು ಅವರ ಮದುವೆಯ ಕತೆ ಹೇಳ್ತಿದ್ರು. ಕೇಳ್ತಾ ಕೇಳ್ತಾ ಬಟ್ಟಲು ಖಾಲಿ ಆಗ್ತಿತ್ತು.” ಮತ್ತೆ ಕುರಿಯ ಕಿವಿ ಸವರುತ್ತ ಅದೇ ಕತೆ ಶುರುಮಾಡಿದರು. ಮದುಮಗಳ ದೋಣಿ ಹೊಳೆಯ ನಡುವಿಗೆ ಬರುವಷ್ಟರಲ್ಲಿ ಕುರಿ ಒಂದು ಎಲೆಯನ್ನು ಎಳೆದುಕೊಂಡಿತು. ಸಫಿಯಮ್ಮ ದೋಣಿಯನ್ನು ಇನ್ನಷ್ಟು ನಿಧಾನ ಮಾಡಿದರು.